ಸದನಕ್ಕೆ ಬಿದ್ದ ಟುವಾಲು

ಕಿಟಕಿಯೊಳಕ್ಕೆ ಟುವಾಲು ಎಸೆದು ಬಸ್ಸಿನ ಸೀಟು ಹಿಡಿಯುವ ವಿದ್ಯೆ ನನಗೆ ಕಡೆಗೂ ಕೈಹತ್ತಲಿಲ್ಲ. ರಾಯಚೂರಿನ ನಿಲ್ದಾಣದಲ್ಲಿ ಬಸ್ಸು ಇನ್ನೂ ಹೊರಳುತ್ತಿರುವಾಗಲೇ ಅದರ ಪಕ್ಕದಲ್ಲಿ ಓಡುತ್ತ, ಒಂದು ಕೈಯಲ್ಲಿ ಊಟದ ಡಬ್ಬಿ, ಇನ್ನೊಂದು ಕೈಯಲ್ಲಿ ಧೋತರದ ಚುಂಗು ಹಿಡಿದುಕೊಂಡು, ದೇವರು ನನಗೆ ಕೊಡಲು ಮರೆತ ಮೂರನೆಯ ಕೈಯಿಂದ ಟುವಾಲನ್ನು ಗುರಿಯಿಟ್ಟು ಒಗೆಯಬೇಕು. ನಾನು ಒಗೆದದ್ದು ಒಮ್ಮೆ ಕಂಡಕ್ಟರನ ಮುಖಕ್ಕೆ ಹೊದಿಕೆಯಾಯಿತು. ಇನ್ನೊಮ್ಮೆ ಎದುರು ಕಿಟಕಿಯಿಂದ ಪಾರಾಗಿ ಶೇಂಗಾ ಮಾರುವವಳ ಬುಟ್ಟಿಯಲ್ಲಿ ಆಸನ ಗ್ರಹಣ ಮಾಡಿತು. ಆದರೆ ಸರಿಯಾಗಿ ಬಿದ್ದ ಟುವಾಲಿನ ಮಹಿಮೆಯನ್ನು ನಾನು ಎಂದೂ ಅಲ್ಲಗಳೆದವನಲ್ಲ. ಅದರ ಒಡೆಯ ಹೊರಗೆ ಚಾ ಕುಡಿಯುತ್ತಿರಲಿ, ಬೀಡಿ ಸೇದುತ್ತಿರಲಿ, ಸೀಟಿನಲ್ಲಿ ಅವನು ಕೂತಿದ್ದಾನೆಂದೇ ಲೆಕ್ಕ. ಬಸ್ಸಿನಲ್ಲಿ ಗರ್ಭಿಣಿಗೆ ಜಾಗ ಬಿಡದವನೂ, ಬಾಕಿ ಚಿಲ್ಲರೆಗಾಗಿ ಮಾನ ಬಿಡುವವನೂ, ಖಾಲಿ ಸೀಟಿನ ಮೇಲಿನ ಮಾಸಿದ ಟುವಾಲನ್ನು ಮುಟ್ಟುವುದಿಲ್ಲ. ಗೈರುಹಾಜರಿಯಲ್ಲಿಯೂ ಹಾಜರಿರುವ ಈ ಅದ್ವೈತ ನಮ್ಮ ಕಡೆಯ ಬಸ್ಸುಗಳಲ್ಲಿ ಸಿದ್ಧಾಂತವಲ್ಲ, ದಿನಚರಿ.

ಟುವಾಲಿನ ಶಾಸ್ತ್ರವನ್ನು ಇಷ್ಟು ವಿಸ್ತರಿಸುವುದಕ್ಕೆ ಕಾರಣವಿದೆ. ಓದುಗರು ತುಸು ಸರಿದು ನನಗೂ ಜಾಗ ಕೊಟ್ಟರೆ ಹೇಳುತ್ತೇನೆ. ಎಪ್ಪತ್ತರ ದಶಕದ ಕೊನೆಯಲ್ಲಿ ನನ್ನ ಮನೆ ರಾಯಚೂರಿನಲ್ಲಿ, ನೌಕರಿ ಮಾನ್ವಿಯ ಒಂದು ಹೈಸ್ಕೂಲಿನಲ್ಲಿ. ಕಲ್ಮಲದವರೆಗೆ ನಿಂತು, ಅಲ್ಲಿ ಯಾರಾದರೂ ಪುಣ್ಯಾತ್ಮರು ಇಳಿದರೆ ಕೂತು, ಮಾನ್ವಿ ಮುಟ್ಟಿ, ಹತ್ತನೆಯ ತರಗತಿಗೆ ಪೌರನೀತಿ ಬೋಧಿಸುತ್ತಿದ್ದೆ. ‘ರಾಜ್ಯ ವಿಧಾನಸಭೆಯ ರಚನೆ ಮತ್ತು ಕಾರ್ಯಗಳು’ ಎಂಬ ಪಾಠ ಪರೀಕ್ಷೆಯಲ್ಲಿ ಐದು ಅಂಕಕ್ಕೆ ತಪ್ಪದೆ ಬರುತ್ತಿತ್ತು. ನಾನೂ ಅದನ್ನು ಪುರಾಣಿಕನ ಶ್ರದ್ಧೆಯಿಂದ ಹೇಳುತ್ತಿದ್ದೆ. ಜನ ನೇರವಾಗಿ ಆರಿಸಿದವರು ಕೂಡುವ ಮನೆ ಇದು. ಹೆಸರಿಗೆ ಕೆಳಮನೆಯಾದರೂ ಬೊಕ್ಕಸದ ಕೀಲಿ ಇದರ ಸೊಂಟದಲ್ಲಿ. ಸಭಾಧ್ಯಕ್ಷರು ಪೀಠ ಏರುವ ತನಕ ಒಂದು ಪಕ್ಷದವರು, ಏರಿದ ಮೇಲೆ ಯಾರವರೂ ಅಲ್ಲ. ಹತ್ತರಲ್ಲಿ ಒಬ್ಬ ಸದಸ್ಯನಾದರೂ ಕೂತಿರದಿದ್ದರೆ ಸಭೆ ಸಭೆಯೇ ಅಲ್ಲ, ಆಗ ಗಂಟೆ ಬಾರಿಸಿ ಕರೆಯಬೇಕು. ಮಸೂದೆಯನ್ನು ಮೂರು ಸಲ ಓದಬೇಕು, ಓದದಿದ್ದರೆ ಓದಿದಂತೆ ಭಾವಿಸಬೇಕು. ‘ಹೌದು’ ಎನ್ನುವವರ ದನಿ ದೊಡ್ಡದೋ ‘ಇಲ್ಲ’ ಎನ್ನುವವರದೋ ಎಂಬುದನ್ನು ಸಭಾಧ್ಯಕ್ಷರು ಕಿವಿಯಲ್ಲೇ ತೂಗಿ ತೀರ್ಪು ಕೊಡಬೇಕು. ಇನ್ನು ದಿನದ ಮೊದಲ ಗಂಟೆ ಪ್ರಶ್ನೋತ್ತರದ್ದು. ಚುಕ್ಕೆ ಗುರುತಿನ ಪ್ರಶ್ನೆಗೆ ಎಂಥ ಮಂತ್ರಿಯೂ ಎದ್ದು ನಿಂತು ಬಾಯಿಮಾತಿನಲ್ಲಿ ಉತ್ತರ ಕೊಡಬೇಕು ಎನ್ನುವಾಗ ನನ್ನ ಕಂಠ ಗದ್ಗದವಾಗುತ್ತಿತ್ತಂತೆ. ಹಿಂದಿನ ಬೆಂಚಿನವರು ಅದನ್ನು ಅಣಕಿಸಿ ತೋರಿಸುತ್ತಿದ್ದರು.

ಅಣಕಿಸದೆ ಕೇಳಿದವಳು ತಬಸ್ಸುಮ್ ಒಬ್ಬಳೇ. ಸಂತೆಯಿಂದ ಸಂತೆಗೆ ಬಳೆ ಮಾರುವ ಖಾಸಿಮಸಾಬನ ಮಗಳು. ಅವರ ಹಳ್ಳಿ ದೇವದುರ್ಗಕ್ಕೂ ಮಾನ್ವಿಗೂ ನಡುವೆ. ಹಳ್ಳಿಗೂ ಬಸ್ಸಿನ ರಸ್ತೆಗೂ ನಡುವೆ ಒಂದು ಹಳ್ಳ. ಬೇಸಿಗೆಯಲ್ಲಿ ಆಡುಮರಿ ದಾಟುವ ಈ ಹಳ್ಳ, ಎಲ್ಲಿಯೋ ಮೇಲೆ ಮಳೆಯಾಯಿತೆಂದರೆ ಎತ್ತಿನಗಾಡಿಯನ್ನೇ ಉರುಳಿಸಿಕೊಂಡು ಹೋಗುತ್ತಿತ್ತು. ಅಂಥ ದಿನ ಹುಡುಗಿ ಆಚೆ ದಂಡೆಯಲ್ಲಿ ಪಾಟೀಚೀಲ ಹಿಡಿದು ನಿಂತು, ಬಸ್ಸು ಹೋದದ್ದನ್ನು ನೋಡಿ, ಮನೆಗೆ ತಿರುಗುತ್ತಿದ್ದಳು. ಶಾಲೆಯ ನಿಯಮದಲ್ಲಿ ಹಳ್ಳಕ್ಕೆ ಜಾಗವಿಲ್ಲ: ಮುಕ್ಕಾಲು ಪಾಲು ಹಾಜರಿ ಇಲ್ಲದಿದ್ದರೆ ಪರೀಕ್ಷೆಗೆ ಕೂಡಿಸುವಂತಿಲ್ಲ. ಹಾಗಾಗಿ ಒಂದು ವರ್ಷ ಆಗಲೇ ನೀರುಪಾಲಾಗಿತ್ತು; ಆಕೆ ಅದೇ ತರಗತಿಯಲ್ಲಿ ಎರಡನೆಯ ಸಲ ಕೂತಿದ್ದಳು.

ಒಂದು ದಿನ ಬಸ್ಸಿನಲ್ಲಿ ಖಾಸಿಮಸಾಬ ತನ್ನ ಟುವಾಲಿನ ಕೆಳಗೆ ಹಿಡಿದಿಟ್ಟ ಅರ್ಧ ಸೀಟನ್ನು ನನಗೆ ದಾನ ಮಾಡಿ ಕೇಳಿದ: “ಸರ, ನೀವು ಸಾಲ್ಯಾಗ ಹೇಳ್ತೀರಂತಲ್ರಿ, ಅಲ್ಲಿ ಕೇಳಿದ್ರ ಮಂತ್ರಿ ಎದ್ದು ನಿಂತು ಜವಾಬ ಕೊಡಬೇಕಂತ. ಖರೇನ್ರಿ?”

“ಖರೇನ ಅದ.”

“ಹಂಗಾರ ನಮ್ಮ ಹಳ್ಳದ್ದೂ ಒಂದು ಕೇಳಸ್ರಿ. ಈ ವರ್ಷ ಪಾಸಾತಂದ್ರ ಹುಡುಗಿ ಟೀಚರ್ ಟ್ರೇನಿಂಗಿಗೆ ಹೋಗತದ. ಇಲ್ಲಂದ್ರ ನಮ್ಮವ್ವ ತಯಾರಾಗಿ ಕುಂತಾಳ್ರಿ, ನಿಕಾ ಮಾಡಿ ಕೈ ತೊಳಕೊಳ್ಳಾಕ.”

ಪೌರನೀತಿಯ ಮೇಷ್ಟ್ರಿಗೆ ಇದಕ್ಕಿಂತ ದೊಡ್ಡ ಆಹ್ವಾನ ಯಾವುದಿದೆ? ತೊಡಕು ಒಂದೇ. ಹಳ್ಳದ ಈಚೆ ದಂಡೆ ಒಬ್ಬ ಸದಸ್ಯರ ಕ್ಷೇತ್ರ, ಆಚೆ ದಂಡೆ ಮತ್ತೊಬ್ಬರದು. ನೀರು ಮಾತ್ರ ಯಾರ ಮತದಾರನೂ ಅಲ್ಲ. ಇಬ್ಬರೂ ಅದನ್ನು ಪರಸ್ಪರ ಉದಾರವಾಗಿ ಬಿಟ್ಟುಕೊಡುತ್ತಿದ್ದರು. ಕೊನೆಗೆ ಆಚೆ ದಂಡೆಯ ಸದಸ್ಯರು, “ಬರದು ಕೊಡ್ರಿ ಮಾಸ್ತರ, ಸಹಿ ಹಾಕೋದು ನನ್ನ ಕೆಲಸ,” ಎಂದರು. ಸೇತುವೆ ಎಂದು ಕಟ್ಟುವಿರಿ, ಕಟ್ಟುವುದಿಲ್ಲವಾದರೆ ಏಕೆ ಎಂದು ನಾನು ಬರೆದೆ. ಅವರು ಸಹಿ ಹಾಕಿದರು. ಪ್ರಶ್ನೆಗಳ ಸರದಿ ಗೊತ್ತುಮಾಡಲು ಚೀಟಿ ಎತ್ತುವಾಗ ನಮ್ಮದು ಮೇಲಿನ ಸಾಲಿನಲ್ಲಿ ಬಂತು. ಪ್ರೇಕ್ಷಕರ ಗ್ಯಾಲರಿಗೆ ಎರಡು ಪಾಸುಗಳೂ ಬಂದವು. ನಾನು ಖಾಸಿಮಸಾಬನಿಗೆ ನಿಯಮವನ್ನು ಬಿಡಿಸಿ ಹೇಳಿದೆ: ಹೆಸರು ಕರೆದಾಗ ಸದಸ್ಯರು ತಮ್ಮ ಸ್ಥಾನದಲ್ಲಿ ಎದ್ದು ನಿಲ್ಲಬೇಕು, ತಾವು ಇಲ್ಲದಿದ್ದರೆ ಬೇರೊಬ್ಬ ಸದಸ್ಯರಿಗಾದರೂ ಬರೆದುಕೊಟ್ಟಿರಬೇಕು, ಎರಡೂ ಇಲ್ಲದಿದ್ದರೆ ಪ್ರಶ್ನೆ ಬಿದ್ದುಹೋಗುತ್ತದೆ.

“ಅಂದ್ರ ಸೀಟಿನಾಗ ಇರಬೇಕು,” ಎಂದ ಖಾಸಿಮಸಾಬ. “ಅಷ್ಟೇ ಅಲ್ರಿ?”

ಅಷ್ಟೇ. ರಾಜಧಾನಿಯ ರೈಲಿನಲ್ಲೂ ಅವನು ಟುವಾಲಿನ ಮೂಲೆಗೆ ಎಲೆಅಡಿಕೆ ಚೀಲ ಗಂಟುಹಾಕಿ, ಆ ತೂಕದಲ್ಲಿ ಬೀಸಿ ಒಗೆದು, ನೂಕುನುಗ್ಗಲಿನ ಡಬ್ಬಿಯಲ್ಲಿ ನಮ್ಮಿಬ್ಬರಿಗೂ ಜಾಗ ಹಿಡಿದ. ಬೆಳಿಗ್ಗೆ ಸದಸ್ಯರು ನಮ್ಮ ಹೆಗಲು ತಟ್ಟಿ, “ನೀವು ಮ್ಯಾಲ ಕುಂದರ್ರಿ, ತೆಳಗ ನಾ ಅದೀನಲ್ಲ,” ಎಂದು ಧೈರ್ಯ ಹೇಳಿದರು. ಮೇಲೆ ಕೂತೆವು. ಅಲ್ಲಿ ಮಾತಾಡಬಾರದು, ಚಪ್ಪಾಳೆ ತಟ್ಟಬಾರದು, ಕಟಕಟೆಗೆ ಒರಗಬಾರದು, ಕಾಲ ಮೇಲೆ ಕಾಲು ಹಾಕಬಾರದು. ಸದನದ ನಿಯಮಾವಳಿಯಲ್ಲಿ, ಸದಸ್ಯನಲ್ಲದೆ ಒಳಗೆ ಬಂದವನಿಗೆ ‘ಅಪರಿಚಿತ’ ಎಂದು ಹೆಸರು. ಓಟಿನ ಕಾಲಕ್ಕೆ ಅಪ್ಪಾ, ಅಣ್ಣಾ, ಕಾಕಾ ಎಂದು ಗಡ್ಡ ಹಿಡಿಸಿಕೊಂಡವನು, ತಾನೇ ಕಳಿಸಿದವರನ್ನು ನೋಡಲು ಬಂದರೆ ಅಪರಿಚಿತ. ನಾನು ಈ ಪದವನ್ನು ಎಷ್ಟೋ ವರ್ಷ ಪಾಠ ಹೇಳಿದ್ದೆ; ಅದರ ಅರ್ಥ ತಿಳಿದದ್ದು ಆ ಗ್ಯಾಲರಿಯಲ್ಲಿ ಕೂತಾಗ.

ನಮ್ಮ ಸದಸ್ಯರ ಆಸನ ನಮ್ಮ ಮೂಗಿನ ಕೆಳಗೇ ಇತ್ತು, ಮತ್ತು ಅದು ಖಾಲಿ ಇತ್ತು. ಮುಂದಿನ ಸಾಲಿನಲ್ಲಿ ಮಂತ್ರಿಗಳು ಕಡತದ ಲಾಡಿ ಬಿಚ್ಚಿಟ್ಟುಕೊಂಡು ತಯಾರಾಗಿದ್ದರು. ಒಂದೊಂದೇ ಪ್ರಶ್ನೆ ಮುಗಿಯುತ್ತ ನಮ್ಮದು ಹತ್ತಿರ ಬಂತು.

“ಸರ,” ಖಾಸಿಮಸಾಬ ನನ್ನ ಕಿವಿಯಲ್ಲಿ ಉಸುರಿದ, “ಸೀಟು ಖಾಲಿ ಅದಲ್ರಿ.”

“ಬರ್ತಾರ, ಸುಮ್ಮನಿರು.”

“ಎಲ್ಲಿ ಹೋಗ್ಯಾರ್ರಿ?”

“ಚಾ ಕುಡಿಯಾಕ ಹೋಗಿರಬೇಕು.”

ಸಭಾಧ್ಯಕ್ಷರು ನಮ್ಮ ಸದಸ್ಯರ ಹೆಸರು ಕರೆದರು. ಕನ್ನಡಕ ಏರಿಸಿ ಖಾಲಿ ಆಸನವನ್ನು ನೋಡಿದರು. “ಮಾನ್ಯ ಸದಸ್ಯರು ಇಲ್ಲವೆ?” ಎಂದು ಇನ್ನೊಮ್ಮೆ ಕರೆದರು. ಆ ಎರಡನೆಯ ಕರೆಗೂ ಮುಂದಿನ ಪ್ರಶ್ನೆಗೂ ನಡುವಿನ ಸಂದಿನಲ್ಲಿ ನನ್ನ ಪಕ್ಕದಿಂದ ಏನೋ ಹಾರಿತು. ಮೂಲೆಯಲ್ಲಿ ಎಲೆಅಡಿಕೆ ಗಂಟು ಕಟ್ಟಿದ ಕೆಂಪು ಅಂಚಿನ ಟುವಾಲು ಗಾಳಿಯಲ್ಲಿ ಒಮ್ಮೆ ಬಿಚ್ಚಿಕೊಂಡು, ನಮ್ಮ ಸದಸ್ಯರ ಆಸನದ ಮೇಲೆ, ಅಕ್ಕಪಕ್ಕಕ್ಕೆ ಒಂದು ಗೇಣೂ ತಪ್ಪದೆ, ಹರಡಿಕೊಂಡು ಬಿತ್ತು. ಖಾಸಿಮಸಾಬ ಕಂಡಕ್ಟರನಿಗೆ ಹೇಳುವ ದನಿಯಲ್ಲಿ, ಕೂಗದೆ, ಹೇಳಿದ: “ಸೀಟು ಹಿಡದೀವ್ರಿ. ಅವರು ಬರಾಕತ್ತಾರ.”

ಗಂಟೆ ಬಾರಿಸಿದರೂ ಬಾರದ ಸದಸ್ಯರು ಟುವಾಲಿನ ಸುದ್ದಿಗೆ ಓಡಿ ಬಂದರು. ಹಳ್ಳಕ್ಕೆ ಬಿಡುವಿರದ ಸದನಕ್ಕೆ ಟುವಾಲಿಗೆ ಬಿಡುವೇ ಬಿಡುವು. ಪ್ರಶ್ನೋತ್ತರದ ವೇಳೆ ಮುಗಿದದ್ದೇ ತಡ, ಇದು ಸದನದ ಹಕ್ಕುಚ್ಯುತಿ ಎಂದು ಠರಾವು ಬಂತು. ಬೆಳಗಿನಿಂದ ಪರಸ್ಪರ ಮುಖ ನೋಡದ ಎರಡೂ ಪಕ್ಷಗಳು ಒಂದೇ ತಾಯಿಯ ಮಕ್ಕಳಾದವು. ಎಸೆದದ್ದು ವಸ್ತ್ರವೋ ಶಸ್ತ್ರವೋ ಎಂದು ಒಬ್ಬರು ಜಿಜ್ಞಾಸೆ ಎತ್ತಿದರು. ಗಂಟಿನಲ್ಲಿರುವ ಸುಣ್ಣವನ್ನು ಪ್ರಯೋಗಾಲಯಕ್ಕೆ ಕಳಿಸಬೇಕೆಂದರು ಇನ್ನೊಬ್ಬರು. ಮತ್ತೊಬ್ಬರಿಗೆ ಇದರಲ್ಲಿ ವಿದೇಶಿ ಕೈವಾಡ ಕಂಡಿತು. ಎಲ್ಲರಿಗಿಂತ ಉಜ್ವಲವಾಗಿ ಮಾತಾಡಿದವರು ನಮ್ಮ ಸದಸ್ಯರೇ. ಮೀಸೆಯ ಮೇಲಿನ ಚಹಾ ಒರೆಸಿಕೊಂಡು, ತಮ್ಮ ಪವಿತ್ರ ಆಸನಕ್ಕಾದ ಅಪಮಾನ ಇಡೀ ಕ್ಷೇತ್ರದ ಜನತೆಗಾದ ಅಪಮಾನ ಎಂದು ಗುಡುಗಿದರು. ಆ ಜನತೆ ಆಗ ಹೊರಗಿನ ಕೋಣೆಯೊಂದರಲ್ಲಿ, ಇಬ್ಬರು ಕಾವಲುಗಾರರ ನಡುವೆ, ಬರಿದಾದ ಹೆಗಲನ್ನು ತಡವಿಕೊಳ್ಳುತ್ತ ಕೂತಿತ್ತು. ಪಕ್ಕದಲ್ಲಿ ಕೂತ ತಪ್ಪಿಗೆ ನಾನೂ ಅಲ್ಲೇ ಇದ್ದೆ. ನಾನು ಪೌರನೀತಿಯ ಶಿಕ್ಷಕನೆಂದು ಹೇಳಿಕೊಂಡೆ. ಕಾವಲುಗಾರರು ನಕ್ಕರು.

ಠರಾವಿಗೆ ‘ಹೌದು’ ಎಂಬ ದನಿ ಗೋಡೆಯಾಚೆಗೆ ನಮಗೂ ಕೇಳಿಸಿತು. ‘ಇಲ್ಲ’ ಎನ್ನಲು ಒಂದು ಕೆಮ್ಮೂ ಏಳಲಿಲ್ಲ. ಸದನ ಏಳುವವರೆಗೆ ಬಂಧನ, ಆಮೇಲೆ ಎಚ್ಚರಿಕೆ ಕೊಟ್ಟು ಬಿಡುಗಡೆ. ಟುವಾಲಿನ ಬಗ್ಗೆ ಇನ್ನೂ ಮಾತಾಡುವವರು ಉಳಿದದ್ದರಿಂದ ಆ ದಿನ ಸದನ ಎಂದಿಗಿಂತ ತಡವಾಗಿ ಎದ್ದಿತು. ಮಂತ್ರಿಗಳು ನಮ್ಮ ಕಡತದ ಲಾಡಿಯನ್ನು ಮತ್ತೆ ಕಟ್ಟಿಕೊಂಡು ಹೋಗಿದ್ದರು. ಅದರಲ್ಲಿ ಸೇತುವೆಗೆ ಹೌದು ಎಂದಿತ್ತೋ ಇಲ್ಲ ಎಂದಿತ್ತೋ, ಇವತ್ತಿಗೂ ನನಗೆ ಗೊತ್ತಿಲ್ಲ. ನಾಲ್ಕು ಮೊಳ ದೂರದಲ್ಲಿದ್ದ ಉತ್ತರವನ್ನು ಓದಿಸಲು ಬೇಕಾಗಿದ್ದದ್ದು ಆ ಆಸನದಲ್ಲಿ ಒಂದು ದೇಹ. ವಿದ್ಯೆ ಬೇಡ, ವಾಕ್ಚಾತುರ್ಯ ಬೇಡ, ಬರೀ ದೇಹ.

ಹೊರಬೀಳುವಾಗ ಖಾಸಿಮಸಾಬ ಅಧಿಕಾರಿಯನ್ನು ಕೇಳಿದ: “ಟುವಾಲು ವಾಪಸ ಕೊಡ್ತೀರೇನ್ರಿ, ಸಾಹೇಬ್ರ?” ಅದು ಪುರಾವೆ, ಕೊಡುವಂತಿಲ್ಲ ಎಂದರು. ಮರಳುವ ರೈಲಿನಲ್ಲಿ ಒಗೆಯಲು ಏನೂ ಇಲ್ಲದೆ ನಾವಿಬ್ಬರೂ ನಿಂತೇ ಬಂದೆವು. ದಾರಿಯುದ್ದಕ್ಕೂ ಅವನು ಆಡಿದ್ದು ಒಂದೇ ಮಾತು: “ಬಸ್ಸಿನಾಗಾದ್ರ ನಡೀತಿತ್ತಲ್ರಿ, ಸರ.”

ಮಳೆಗಾಲ ಬಂತು, ಹಳ್ಳ ಬಂತು, ಹುಡುಗಿ ಬರಲಿಲ್ಲ. ಹಾಜರಿ ಕಡಿಮೆಯಾಯಿತೆಂದು ಅವಳಿಗೆ ಪರೀಕ್ಷೆಯ ಹಾಲ್ ಟಿಕೆಟ್ ಸಿಗಲಿಲ್ಲ. ರಿಯಾಯಿತಿ ಕೋರಿ ಮುಖ್ಯೋಪಾಧ್ಯಾಯರೂ ನಾನೂ ಬರೆದ ಅರ್ಜಿಗಳಿಗೆ, ನಿಯಮದಲ್ಲಿ ಅವಕಾಶವಿಲ್ಲ ಎಂಬ ಜವಾಬು ಬಂತು. ಒಂದು ಗಂಟೆ ಗೈರಾಗಿ ಒಂದು ಊರನ್ನೇ ಮುಳುಗಿಸಿದವರಿಗೆ ಆ ದಿನದ ಭತ್ಯೆ ಸಂದಿತ್ತು. ಹಳ್ಳದ ದಂಡೆಯವರೆಗೆ ದಿನವೂ ಬಂದು ನಿಂತವಳಿಗೆ ಶಿಕ್ಷೆ. ಮುಂದಿನ ಚುನಾವಣೆಯಲ್ಲಿ ನಮ್ಮ ಸದಸ್ಯರು ಮತ್ತೆ ಗೆದ್ದರು. ನಾನು ಅದೇ ಪಾಠವನ್ನು ಮತ್ತೆ ಹೇಳಿದೆ. ಕಂಠ ಮಾತ್ರ ಗದ್ಗದವಾಗಲಿಲ್ಲ, ಹಿಂದಿನ ಬೆಂಚಿನವರಿಗೆ ಅಣಕಿಸಲು ಏನೂ ಉಳಿಯಲಿಲ್ಲ.

ಎಂಬತ್ತರ ದಶಕ ಅರ್ಧ ಕಳೆದ ಮೇಲೆ ಒಂದು ಬೆಳಿಗ್ಗೆ, ಅದೇ ರಾಯಚೂರು ನಿಲ್ದಾಣದಲ್ಲಿ, ಅದೇ ಡಬ್ಬಿ, ಅದೇ ಧೋತರದ ಚುಂಗು ಹಿಡಿದು ಬಸ್ಸಿನ ಪಕ್ಕದಲ್ಲಿ ಓಡುತ್ತಿದ್ದೆ. ನನ್ನ ಟುವಾಲು ವಾಡಿಕೆಯಂತೆ ಚಕ್ರದ ಕೆಳಗೆ ಹೋಯಿತು. ಹತ್ತಿ ನೋಡಿದರೆ ಕಿಟಕಿಯ ಬದಿಗೆ ಒಂದು ಸೀಟು, ಅದರ ಮೇಲೊಂದು ಟುವಾಲು. ಪಕ್ಕದಲ್ಲಿ ಬಳೆಯ ಪೆಟ್ಟಿಗೆಯನ್ನು ಕಾಲ ಬಳಿ ಇಟ್ಟುಕೊಂಡು, ಕಂಕುಳಲ್ಲಿ ಕೂಸನ್ನು ಅವುಚಿಕೊಂಡು, ತಬಸ್ಸುಮ್.

“ಬರ್ರಿ ಸರ, ಕುಂದರ್ರಿ. ನೀವು ಓಡೋದು ನೋಡಿದೆ, ನಿಮಗಂತ ಹಿಡದೀನಿ.”

ಕೂತೆ. ಅಪ್ಪನಿಗೆ ಮೊಣಕಾಲು ನೋವು, ಸಂತೆಗೆ ಈಗ ನಾನೇ ಹೋಗುತ್ತೇನೆ ಎಂದಳು. ಹಳ್ಳದ ಮಾತು ನಾನು ಎತ್ತಲಿಲ್ಲ. ಅದು ಹಾಗೆಯೇ ಇದೆಯೆಂದು ಪ್ರತಿ ಮಳೆಗಾಲ ಆ ಊರಿನ ಮಕ್ಕಳ ಹಾಜರಿಯಲ್ಲಿ ಕಾಣುತ್ತಿತ್ತು.

“ಸರ, ಆ ವಿಧಾನಸಭಾದ ಪಾಠ ಇನ್ನಾ ಹೇಳ್ತೀರೇನ್ರಿ?”

“ಹೇಳ್ತೀನವ್ವ. ಐದು ಮಾರ್ಕಿಗೆ ಬರ್ತದಲ್ಲ.”

“ನನಗ ಇನ್ನಾ ಬಾಯಿಪಾಠ ಅದ ನೋಡ್ರಿ.” ಕೂಸನ್ನು ತಟ್ಟುತ್ತ, ಪುಸ್ತಕದ ಭಾಷೆಯಲ್ಲಿ, ತರಗತಿಯಲ್ಲಿ ಎದ್ದು ನಿಂತವಳಂತೆ ಹೇಳಿದಳು: “ಸದನದ ಅನುಮತಿಯಿಲ್ಲದೆ ಸದಸ್ಯರು ಅರವತ್ತು ದಿನಗಳ ಕಾಲ ಎಲ್ಲ ಸಭೆಗಳಿಗೂ ಗೈರುಹಾಜರಾದರೆ ಅವರ ಸ್ಥಾನ ತೆರವಾಗಿದೆಯೆಂದು ಸದನವು ಘೋಷಿಸಬಹುದು.” ಆಮೇಲೆ ತನ್ನ ಭಾಷೆಗೆ ಇಳಿದಳು. “ನಾ ಅಷ್ಟು ದಿನ ಗೈರ ಆಗಿದ್ದಿಲ್ರಿ, ಸರ.”

ಉತ್ತರದಲ್ಲಿ ಒಂದಕ್ಷರ ತಪ್ಪಿರಲಿಲ್ಲ. ಐದಕ್ಕೆ ಐದು ಕೊಡಬೇಕಾದವನು ನಾನು, ಅವಳು ಹಿಡಿದಿಟ್ಟ ಸೀಟಿನಲ್ಲಿ, ಅವಳ ಟುವಾಲನ್ನು ಮಡಿಸಿ ತೊಡೆಯ ಮೇಲೆ ಇಟ್ಟುಕೊಂಡು, ಕಲ್ಮಲ ಬರುವ ತನಕ ಕಿಟಕಿಯ ಹೊರಗೆ ನೋಡುತ್ತ ಕೂತೆ.