ಹುಲಿ ಬೇಕೋ ಸಿಂಹ ಬೇಕೋ

ನಮ್ಮ ಮಾವನ ಬಲಗಾಲಿನ ಹೆಬ್ಬೆರಳಿಗೆ ಉಗುರೇ ಇರಲಿಲ್ಲ. ಉಗುರು ಇರಬೇಕಾದ ಕಡೆ ಹುಣಸೆಬೀಜದ ಬಣ್ಣದ ಗಟ್ಟಿ ಚರ್ಮ. ಟೀವಿ ಮುಂದೆ ಕುರ್ಚಿ ಹಾಕಿಕೊಂಡು, ಕಾಲೆರಡನ್ನೂ ಸ್ಟೂಲಿನ ಮೇಲೆ ಚಾಚಿ ಕೂತರೆಂದರೆ, ಇಂಗ್ಲೆಂಡಿನ ಯಾವನೋ ಹುಡುಗ ಗೋಲಿನ ಹತ್ತಿರ ಚೆಂಡು ತರುತ್ತಿದ್ದ ಹಾಗೆ ಆ ಹೆಬ್ಬೆರಳು ತಾನಾಗಿ ಸೆಟೆದು ನಿಲ್ಲುತ್ತಿತ್ತು. ಒಂದೊಂದು ಸಲ ಸ್ಟೂಲೇ ಉರುಳಿ ಬೀಳುತ್ತಿತ್ತು. "ಒದೀರಿ, ಮನೆ ಸಾಮಾನೆಲ್ಲ ಒದೀರಿ. ಕೊನೆಗೆ ನನ್ನೂ ಒದೀರಿ," ಎಂದು ಅತ್ತೆ ಅಡುಗೆಮನೆಯಿಂದ ಕೂಗುತ್ತಿದ್ದರು. ಮಾವ ಎದ್ದು ಸ್ಟೂಲು ನೆಟ್ಟಗೆ ಮಾಡಿಕೊಂಡು ಮತ್ತೆ ಕಾಲು ಚಾಚುತ್ತಿದ್ದರು.

ನಾನು ದೊಡ್ಡಬಳ್ಳಾಪುರದಲ್ಲಿ ಮಗ್ಗದ ಸದ್ದಿನ ನಡುವೆ ಬೆಳೆದವಳು. ಮದುವೆಯಾಗಿ ತೂಬಗೆರೆ ಕಡೆಯ ಈ ಊರಿಗೆ ಬಂದ ಹೊಸತರಲ್ಲಿ ಊರಿನ ಮೌನಕ್ಕೇ ಹೆದರಿಕೆಯಾಗುತ್ತಿತ್ತು. ಮಾವನ ಮೌನ ಅದಕ್ಕಿಂತ ದೊಡ್ಡದು. ಊಟಕ್ಕೆ ಬಡಿಸಿದರೆ ಕೈ ಅಡ್ಡ ಹಿಡಿದು ಸಾಕು ಅನ್ನುವುದು, ಶಾಲೆಗೆ ಹೊರಟರೆ ತಲೆ ಅಲ್ಲಾಡಿಸುವುದು, ಅಷ್ಟೇ. ಬೆಂಗಳೂರಿನ ಒಂದು ಸರ್ಕಾರಿ ಕಾರ್ಖಾನೆಯಲ್ಲಿದ್ದವರು ಅವರು. ಆ ಕಾಲದಲ್ಲಿ ಕಾರ್ಖಾನೆಗಳಿಗೆಲ್ಲ ಫುಟ್‌ಬಾಲ್ ತಂಡಗಳಿದ್ದವಂತೆ, ಚೆನ್ನಾಗಿ ಆಡುವವರನ್ನು ಕರೆದು ಕೆಲಸ ಕೊಡುತ್ತಿದ್ದರಂತೆ. "ನಂದು ಕಾಲಿಗೆ ಸಿಕ್ಕಿದ ಕೆಲಸ, ಕೈಗೆ ಸಿಕ್ಕಿದ್ದಲ್ಲ," ಎಂದು ಎಷ್ಟೋ ವರ್ಷದ ಮೇಲೆ ನನಗೆ ಹೇಳಿದರು. ರಿಟೈರ್ ಆಗಿ ಊರಿಗೆ ಬಂದು ರಾಗಿ ಬೆಳೆಯುತ್ತಿದ್ದರು.

ನಾನು ಹೈಸ್ಕೂಲಿನಲ್ಲಿ ಇಂಗ್ಲಿಷ್ ಟೀಚರು. ಶನಿವಾರ ಅರ್ಧ ದಿನ. ಒಂದು ಶನಿವಾರ ಸಂಜೆ ಕಾಫಿ ಕೊಟ್ಟು ತಿರುಗುತ್ತಿದ್ದಾಗ ಮಾವ ಗಂಟಲು ಸರಿಮಾಡಿಕೊಂಡರು.

"ನೀನು ಇಂಗ್ಲಿಷ್ ಟೀಚರ್ ಅಲ್ವೇನಮ್ಮ? ಟೀವಿ ಕೆಳಗಡೆ ಅಕ್ಷರ ಓಡ್ತಾ ಅವಲ್ಲ, ಅದೇನು ಅಂತ ಓದು. ನಾನು ಒಂದು ಪದ ಹಿಡಿಯೋ ಹೊತ್ಗೆ ಅದು ಓಡೋಗ್ಬಿಡುತ್ತೆ."

ನಿಂತುಕೊಂಡೇ ಓದಿದೆ. ಒಂದು ತಂಡದವರು ಇನ್ನೊಂದು ತಂಡದ ಆಟಗಾರನನ್ನು ಕೊಂಡಿದ್ದರು. ಬೆಲೆ ಓದಿ ನನಗೆ ತಲೆ ತಿರುಗಿತು. ನಮ್ಮ ತಾಲ್ಲೂಕಿನ ಶಾಲೆಗಳಿಗೆಲ್ಲ ತಾರಸಿ ಹಾಕಿಸಿ ಮಿಗುವಷ್ಟು ದುಡ್ಡು, ಒಬ್ಬ ಹುಡುಗನಿಗೆ! ಮಾವ ಮಾತ್ರ "ಹೂಂ" ಅಂದರು. ಅವತ್ತಿನಿಂದ ಶನಿವಾರ ಸಂಜೆ ನನ್ನ ಕುರ್ಚಿಯೂ ಟೀವಿ ಮುಂದೆ ಬಂತು. ಆಟದ ನಡುವಿನ ಬಿಡುವಿನಲ್ಲಿ ಫೋನಿನಲ್ಲಿ ಬಂದ ಸುದ್ದಿಯನ್ನೆಲ್ಲ ಕನ್ನಡ ಮಾಡಿ ಹೇಳುವುದು ನನ್ನ ಕೆಲಸವಾಯಿತು.

ಆ ಸುದ್ದಿಗಳೋ, ಅಯ್ಯೋ ಶಿವನೇ! ಒಂದು ದೇಶದಲ್ಲಿ ವರ್ಷ ವರ್ಷವೂ ಒಂದೇ ತಂಡ ಗೆಲ್ಲುತ್ತದೆ. ಇನ್ನೊಂದು ಕಡೆ ತಂಡವನ್ನು ಎಣ್ಣೆ ದೇಶದ ದೊರೆಗಳು ಕೊಂಡಿದ್ದಾರೆ. ಮತ್ತೊಂದು ಕಡೆ ಲೆಕ್ಕ ತಪ್ಪಿಸಿದ ಆಪಾದನೆ ಹೊತ್ತ ತಂಡದ ವಕೀಲರು ವಿಚಾರಣೆಯನ್ನು ನಮ್ಮ ಕಡೆಯ ಜಮೀನು ವ್ಯಾಜ್ಯದ ಹಾಗೆ ಎಳೆಯುತ್ತಿದ್ದಾರೆ, ಆ ತಂಡ ಆರಾಮಾಗಿ ಕಪ್ಪು ಗೆಲ್ಲುತ್ತಲೇ ಇದೆ. ರೆಫ್ರಿಗಳ ಕಡೆಯವರಿಗೆ ದುಡ್ಡು ಹೋಗಿದೆ ಅನ್ನುವ ಮಾತು. ಬೇಕೆಂದೇ ಸೋತರು ಅನ್ನುವ ಮಾತು. ನಾನು ಮೊದಮೊದಲು ಸಿಟ್ಟಿನಿಂದ ಓದುತ್ತಿದ್ದೆ. ಆಮೇಲಾಮೇಲೆ ಪಂಚಾಂಗ ಓದಿದ ಹಾಗೆ ಓದಿಬಿಡುತ್ತಿದ್ದೆ. ಮಾವ "ಹೂಂ, ಮುಂದಕ್ಕೆ ಓದಮ್ಮ" ಅನ್ನುತ್ತಿದ್ದರು. ಎಲ್ಲ ಮುಗಿದ ಮೇಲೆ ಅವರದು ಒಂದೇ ಮಾತು: "ಮೂರೋ ನಾಕೋ ತಂಡ ಲೆಕ್ಕಕ್ಕೆ ಕಣಮ್ಮ. ಮಿಕ್ಕಿದ್ದೆಲ್ಲ ಆಟಕ್ಕುಂಟು ಲೆಕ್ಕಕ್ಕಿಲ್ಲ."

ಆ ಲೆಕ್ಕಕ್ಕಿಲ್ಲದವರಲ್ಲೇ ಮಾವನಿಗೊಂದು ತಂಡವಿತ್ತು. ಅದನ್ನು ಹುಡುಕಿ ಕೊಟ್ಟವಳು ನಾನೇ. ಇಂಗ್ಲೆಂಡಿನ ಉತ್ತರದ ಕಡೆ ಒಂದು ಸಣ್ಣ ಊರು, ಹಿಂದೆ ಊರು ತುಂಬ ಮಗ್ಗಗಳಿದ್ದವಂತೆ, ಈಗ ಎಲ್ಲ ಮುಚ್ಚಿವೆ ಎಂದು ಓದಿ ಹೇಳಿದೆ. "ಹಂಗಾದ್ರೆ ನಿಮ್ಮೂರೋರೇ ಬಿಡು," ಎಂದು ನಕ್ಕರು. ಅವರು ನಕ್ಕಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಅವತ್ತಿನಿಂದ ಆ ತಂಡದವರು ನಮ್ಮೋರು. ನಮ್ಮೋರ ಹಣೆಬರಹವೆಂದರೆ ಕೆಳಗಿನ ಲೀಗಿನಲ್ಲಿ ಒದ್ದಾಡಿ ಗೆದ್ದು ಮೇಲಿನದಕ್ಕೆ ಹತ್ತುವುದು, ಹತ್ತಿದ ಕೂಡಲೇ ಚೆನ್ನಾಗಿ ಆಡುವ ಒಬ್ಬಿಬ್ಬರನ್ನು ದೊಡ್ಡವರು ಕೊಂಡುಕೊಂಡು ಹೋಗುವುದು, ಸೋತು ಸುಣ್ಣವಾಗಿ ಮತ್ತೆ ಇಳಿಯುವುದು. ಹಾಗೆ ಕೊಂಡು ಒಯ್ದ ಹುಡುಗನನ್ನು ದೊಡ್ಡ ತಂಡದವರು ಆಡಿಸುತ್ತಲೂ ಇರಲಿಲ್ಲ. ಕೋಟು ಹಾಕಿಸಿ ಬೆಂಚಿನ ಮೇಲೆ ಕೂರಿಸಿರುತ್ತಿದ್ದರು. ಮಾವನಿಗೆ ಅದನ್ನು ಕಂಡರೆ ಹೊಟ್ಟೆ ಉರಿಯುತ್ತಿತ್ತು. "ತಾವು ಗೆಲ್ಲಕ್ಕೆ ಕೊಳ್ಳಲ್ಲ ಇವರು. ನಮ್ಮೋರು ಗೆಲ್ದೇ ಇರ್ಲಿ ಅಂತ ಕೊಳ್ತಾರೆ."

ಇದಕ್ಕೆಲ್ಲ ಅವರ ಹತ್ತಿರ ಒಂದು ಮದ್ದಿತ್ತು. ಅದು ಊರಾಚೆಯ ಬಯಲಿನ ಮದ್ದು.

ನೀಲಗಿರಿ ಕಡಿದು ಬೀಳು ಬಿಟ್ಟಿದ್ದ ಆ ಹೊಲದಲ್ಲಿ ಮಾವ ದಿನಾ ಸಂಜೆ ಊರ ಗಂಡಸರನ್ನು ಸೇರಿಸಿ ಆಡಿಸುತ್ತಿದ್ದರು. ಡೇರಿಯವನು, ಆಟೋದವನು, ಕೈಗಾರಿಕಾ ಪ್ರದೇಶದಲ್ಲಿ ಶಿಫ್ಟ್ ಮುಗಿಸಿ ಬಂದವರು, ಯಾರು ಸಿಕ್ಕರೆ ಅವರು. ತಂಡ ಮಾಡುವುದು ಮಾತ್ರ ಚಿಕ್ಕ ಮಕ್ಕಳ ಹಾಗೆ, ಜೋಡಿ ಕಟ್ಟಿ. ಗೊತ್ತಲ್ಲ, ಇಬ್ಬರು ನಾಯಕರು ನಿಲ್ಲುತ್ತಾರೆ. ಉಳಿದವರು ತಮಗೆ ಸರಿಸಾಟಿಯಾದವನನ್ನು ತಾವೇ ಹುಡುಕಿಕೊಂಡು, ಹೆಗಲ ಮೇಲೆ ಕೈ ಹಾಕಿ ದೂರ ಹೋಗಿ, ಗುಟ್ಟಾಗಿ ಹೆಸರಿಟ್ಟುಕೊಂಡು ಬರುತ್ತಾರೆ. "ಹುಲಿ ಬೇಕೋ ಸಿಂಹ ಬೇಕೋ?" ನಾಯಕ ಹುಲಿ ಅಂದರೆ ಹುಲಿ ಇತ್ತ, ಸಿಂಹ ಅತ್ತ. ಯಾವುದು ಯಾರೆಂದು ಆರಿಸುವವನಿಗೆ ಗೊತ್ತಿರುವುದಿಲ್ಲ. ದುಡ್ಡಿದ್ದವನಿಗೂ ಗೊತ್ತಿರುವುದಿಲ್ಲ.

"ಅಲ್ಲೂ ಹಂಗೇ ಮಾಡ್ಬೇಕು ಕಣಮ್ಮ. ವರ್ಷದ ಮೊದಲಿಗೆ ಎಲ್ರನ್ನೂ ಒಂದು ಬಯಲಲ್ಲಿ ನಿಲ್ಸಿ ಜೋಡಿ ಕಟ್ಟಿಸ್ಬೇಕು."

"ಮಾವ, ಅವರೆಲ್ಲ ಕೋಟಿಗಟ್ಲೆ ತಗೊಳೋರು!"

"ತಗೊಳ್ಲಿ. ಕೋಟಿ ಇದ್ದೋನಿಗೆ ಇನ್ನೊಬ್ಬನ ಹೆಗಲ ಮೇಲೆ ಕೈ ಹಾಕ್ಕೊಂಡು ಬರಕ್ಕೇನು ಕಷ್ಟ?"

ನಾನು ನಕ್ಕುಬಿಟ್ಟೆ. ಅವರು ನಗಲಿಲ್ಲ.

ಆ ಬಯಲನ್ನು ಲೇಔಟ್ ಮಾಡುವ ಸಾಹುಕಾರರೊಬ್ಬರು ಕೊಂಡರು. ವಿಮಾನ ನಿಲ್ದಾಣ ಬಂದ ಮೇಲೆ ನಮ್ಮ ಕಡೆ ಇದೇನು ಹೊಸದಲ್ಲ, ನಲ್ಲೂರಿನ ತೋಪಿನ ನೂರಾರು ವರ್ಷದ ಹುಣಸೆಮರಗಳು ಉಳಿದಿರುವುದೇ ದೊಡ್ಡದು ಎಂದು ಜನ ಮಾತಾಡಿಕೊಳ್ಳುವ ಕಾಲ. ಮನುಷ್ಯ ಕೆಟ್ಟವನಂತೂ ಕಾಣಲಿಲ್ಲ. ಮನೆಗೇ ಬಂದು ಮಾವನ ಕಾಲು ಮುಟ್ಟಿ ನಮಸ್ಕಾರ ಮಾಡಿದರು. ತಮ್ಮ ಲೇಔಟಿನ ಹೆಸರಿನಲ್ಲಿ ಒಂದು ಕಪ್ಪಿನ ಪಂದ್ಯಾವಳಿ ಇಡುತ್ತೇವೆ, ಸೈಟು ಕೊಳ್ಳುವವರೆಲ್ಲ ನೋಡಲು ಬರುತ್ತಾರೆ, ನೀವೇ ರೆಫ್ರಿ ಆಗಬೇಕು, ಎಲ್ಲ ಸಾಂಗವಾಗಿ ನಡೆದರೆ ಬಯಲಿನ ಒಂದು ಭಾಗವನ್ನು ಮೈದಾನವಾಗಿಯೇ ಊರಿಗೆ ಬಿಡುತ್ತೇವೆ ಎಂದರು. "ನಿಮ್ಮ ಹೆಸರೇ ಇಡೋಣ ಯಜಮಾನ್ರೇ," ಎಂದಾಗ ಅತ್ತೆಯ ಮುಖ ನೋಡಬೇಕಿತ್ತು. ಮದುವೆಯಾದಾಗಿನಿಂದ ಚೆಂಡನ್ನು ಸವತಿ ಅಂತ ಬೈಯುತ್ತಿದ್ದವರು ಒಳಗೆ ಹೋಗಿ ಒಬ್ಬಟ್ಟಿಗೆ ಬೇಳೆ ಹಾಕಿದರು.

ಕಪ್ಪಿನ ಆಟಗಳು ಶುರುವಾದವು. ಸಾಹುಕಾರರ ತಂಡಕ್ಕೆ ಬೆಂಗಳೂರಿನಿಂದ ದುಡ್ಡು ಕೊಟ್ಟು ಕರೆಸಿದ ಆಟಗಾರರು ಬಂದರು. ನಮ್ಮೂರಿನ ಒಳ್ಳೆಯ ಆಟಗಾರರಿಬ್ಬರಿಗೂ ಸೈಟಿನಲ್ಲಿ ರಿಯಾಯಿತಿ ಅಂತ ಹೇಳಿ ಅತ್ತ ಎಳೆದುಕೊಂಡರು. ಆದರೂ ನಮ್ಮೂರ ತಂಡ ಹೇಗೋ ಅವರೆದುರೇ ಫೈನಲಿಗೆ ಬಂತು.

ಫೈನಲಿನ ಬೆಳಿಗ್ಗೆ ನಮ್ಮ ತಂಡದ ನಾಯಕ, ಆ ಡೇರಿಯವನು, ಮನೆಗೆ ಬಂದ. ನಾನು ಕಾಫಿ ಕೊಡಲು ಹೋದೆ. ಅವನು ಲೋಟವನ್ನೇ ನೋಡುತ್ತಾ ಹೇಳಿದ:

"ದೊಡ್ಡಪ್ಪ, ಇವತ್ತು ನಾವು ಸೋಲ್ತೀವಿ. ನೀವೇನೂ ಅನ್ಕೋಬೇಡಿ."

"ಆಡಿ ಸೋಲ್ತೀರೋ, ಸೋಲಕ್ಕೇ ಆಡ್ತೀರೋ?"

"ಗ್ರೌಂಡ್ ಉಳೀಬೇಕಲ್ಲ ದೊಡ್ಡಪ್ಪ. ಸೈಟು ಕೊಳ್ಳೋರ ಮುಂದೆ ಗೆದ್ರೆ ಸಾಹುಕಾರ್ರು ಖುಷಿಯಾಗ್ತಾರೆ. ಒಂದಾಟ ತಾನೇ?"

ನನಗೆ ಅವನ ಮಾತಿನಲ್ಲಿ ತಪ್ಪೇ ಕಾಣಲಿಲ್ಲ. ಈಗಲೂ ಪೂರ್ತಿ ತಪ್ಪು ಅಂತ ಹೇಳಲಾರೆ.

ಸಂಜೆ ಬಯಲಲ್ಲಿ ಶಾಮಿಯಾನ, ಮೈಕು, ಎಳನೀರು. ಸೈಟು ಕೊಳ್ಳುವವರು ಕಾರಿನಲ್ಲಿ ಬಂದು ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂತಿದ್ದರು. ಎರಡು ತಂಡದ ಬನೀನಿನ ಮೇಲೂ ಲೇಔಟಿನ ಹೆಸರೇ, ಬಣ್ಣ ಮಾತ್ರ ಬೇರೆ. ಮಾವ ಹಳೇ ಬಿಳಿ ಪ್ಯಾಂಟು ಹಾಕಿಕೊಂಡು ನಡುವೆ ನಿಂತು ವಿಸಿಲ್ ಊದಿದರು. ಆಟ ಶುರುವಾಯಿತೆಂದು ಜನ ಚಪ್ಪಾಳೆ ಹೊಡೆದರು. ಮಾವ ಚೆಂಡನ್ನು ಕಾಲಡಿ ಒತ್ತಿ ಹಿಡಿದು, ಎರಡು ಕಡೆಯವರನ್ನೂ ಹತ್ತಿರ ಕರೆದರು.

"ಜೋಡಿ ಕಟ್ರಪ್ಪ."

ಯಾರಿಗೂ ಅರ್ಥವಾಗಲಿಲ್ಲ. ಮಾವ ಮತ್ತೆ ಹೇಳಿದರು. "ಎರಡೂ ತಂಡದೋರು. ಜೋಡಿ ಕಟ್ಟಿ. ಇಲ್ದಿದ್ರೆ ನಾನು ಆಡ್ಸಲ್ಲ." ಡೇರಿಯವನು ಬಿಳಿಚಿಕೊಂಡ. ಅಷ್ಟರಲ್ಲಿ ಬೆಂಗಳೂರಿನ ಆಟಗಾರನೊಬ್ಬ ಜೋರಾಗಿ ನಕ್ಕು, "ಗುರು, ಚಿಕ್ಕೋರಿದ್ದಾಗ ಆಡಿದ್ದು ಕಣೋ! ಬಾರೋ ಇಲ್ಲಿ," ಎಂದು ನಮ್ಮ ಆಟೋದವನ ಹೆಗಲ ಮೇಲೆ ಕೈ ಹಾಕಿಕೊಂಡು ಗೋಲಿನ ಕಡೆ ಹೊರಟೇಬಿಟ್ಟ. ಒಬ್ಬ ಹೋದ ಮೇಲೆ ಉಳಿದವರು ನಿಲ್ಲುತ್ತಾರೆಯೇ? ಜೋಡಿ ಜೋಡಿಯಾಗಿ ಹೋದರು, ಪಿಸುಗುಟ್ಟಿದರು, ಬಂದರು. "ಹುಲಿ ಬೇಕೋ ಸಿಂಹ ಬೇಕೋ?" "ಮಸಾಲೆ ದೋಸೆ ಬೇಕೋ ಬಿರಿಯಾನಿ ಬೇಕೋ?" ಜನ ಬಿದ್ದು ಬಿದ್ದು ನಕ್ಕರು. ಬನೀನು ಕಲಸಿಹೋಗಿ ಯಾರು ಯಾರ ಕಡೆ ಅಂತ ಗೊತ್ತಾಗದೆ, ಒಂದು ಕಡೆಯವರು ಬನೀನು ಬಿಚ್ಚಿ ಬರಿಮೈಯಲ್ಲಿ ನಿಂತರು. ಲೇಔಟಿನ ಹೆಸರು ಗೆರೆಯಾಚೆ ಧೂಳಿನಲ್ಲಿ ರಾಶಿ ಬಿತ್ತು. ಈಗ ಯಾರು ಸೋಲಬೇಕು ಅಂತ ಯಾರಿಗೂ ತಿಳಿಯದ ಮೇಲೆ ಸೋಲುವುದಾದರೂ ಹೇಗೆ?

ಅಂಥ ಆಟವನ್ನು ನಾನು ಟೀವಿಯಲ್ಲೂ ನೋಡಿಲ್ಲ. ಬರಿಮೈಯವರು ಕೊನೆಯಲ್ಲಿ ಒಂದು ಗೋಲು ಹೊಡೆದು ಗೆದ್ದರು. ಆದರೆ ಕಪ್ಪು ಯಾರಿಗೆ ಕೊಡುವುದು? ಸಾಹುಕಾರರು ಎದ್ದು ನಿಂತು ಚಪ್ಪಾಳೆ ತಟ್ಟಿ, "ಯಜಮಾನ್ರು ಒಳ್ಳೆ ತಮಾಷೆ ಮಾಡಿದ್ರು," ಎಂದು ಮೈಕಿನಲ್ಲಿ ಹೇಳಿದರು. ಕಪ್ಪು ಅವರ ಕಾರಿನಲ್ಲೇ ವಾಪಸು ಹೋಯಿತು.

ರಾಗಿ ಕೊಯ್ಲಿಗೆ ಮುಂಚೆ ಬಯಲು ತುಂಬ ಸೈಟಿನ ಕಲ್ಲು ನೆಟ್ಟರು. ಮೈದಾನದ ಮಾತೇ ಇಲ್ಲ. ಊರೆಲ್ಲ ಮಾವನ ಮೇಲೆ ತಿರುಗಿಬಿತ್ತು. "ಮುದುಕನ ಶೋಕಿಗೆ ಗ್ರೌಂಡ್ ಹೋಯ್ತು," ಅಂತ ಡೇರಿಯಲ್ಲಿ ಅತ್ತೆಗೆ ಕೇಳುವ ಹಾಗೇ ಅಂದರಂತೆ. ಅತ್ತೆ ಮನೆಗೆ ಬಂದು ಹಾಲಿನ ಕ್ಯಾನು ದಬ್ಬನೆ ಇಟ್ಟು, "ಊರಿಗೇ ಬೇಕಾಗಿದ್ದು ಇವರೊಬ್ಬರಿಗೆ ಬೇಡ್ವಾಯ್ತು. ಏನು ಸತ್ಯಹರಿಶ್ಚಂದ್ರನ ತುಂಡೋ!" ಎಂದು ಅತ್ತುಬಿಟ್ಟರು. ಅವರು ಮಾವನೊಡನೆ ಮಾತು ಬಿಟ್ಟರು. ಊಟಕ್ಕೆ ಕರೆಯುವುದೂ ನನ್ನ ಮೂಲಕವೇ. ಆಡುತ್ತಿದ್ದವರು ಎದುರು ಸಿಕ್ಕರೆ ದಾರಿ ಬದಲಿಸುತ್ತಿದ್ದರು. ಸಂಜೆಯಾದರೆ ಮಾವನಿಗೆ ಹೋಗಲು ಎಲ್ಲೂ ಜಾಗವಿರಲಿಲ್ಲ.

ಟೀವಿಯಲ್ಲಿ ನಮ್ಮೋರು ಅದೇ ವರ್ಷ ಮತ್ತೆ ಇಳಿದರು. ವಕೀಲರು ಎಳೆಯುತ್ತಿದ್ದ ಆ ದೊಡ್ಡ ತಂಡದ ವಿಚಾರಣೆ ಇನ್ನೂ ಮುಗಿದಿಲ್ಲ ಎಂದು ನಾನು ಓದುತ್ತಿದ್ದೆ. ಮಾವ ಕೈ ಎತ್ತಿ ತಡೆದರು.

"ತಪ್ಪು ಮಾಡಿದ್ನೇನಮ್ಮ ನಾನು?"

"ಅವತ್ತು ಊರೋರು ಸೋತಿದ್ರೂ ಸೈಟಿನ ಕಲ್ಲು ನೆಡ್ತಾನೇ ಇದ್ರು ಬಿಡಿ ಮಾವ."

"ಅದು ನಿಂಗೆ ಗೊತ್ತಾ?"

"ಇಲ್ಲ."

"ನಂಗೂ ಗೊತ್ತಿಲ್ಲ. ಅದೇ ಹಿಂಸೆ ಕಣಮ್ಮ. ಆದ್ರೆ ಆ ಡೇರಿಯವನು ಸೋಲ್ತೀವಿ ಅಂದ್ನಲ್ಲ, ಆವತ್ತೇ ನಂಗೆ ಗ್ರೌಂಡ್ ಹೋಗಿತ್ತು."

ನನಗೆ ಅವರ ಮೇಲೆ ಸಿಟ್ಟೂ ಬಂತು, ಅಳುವೂ ಬಂತು. ಇಷ್ಟು ಸುಸ್ತಾದ ಮನುಷ್ಯ ಇನ್ನೂ ಯಾಕೆ ಆ ಆಟ ನೋಡುತ್ತಾರೆ ಅಂತ ಅರ್ಥವಾಗುತ್ತಿರಲಿಲ್ಲ. ಆದರೆ ಶನಿವಾರ ಬಂದರೆ ನಾನೇ ಬಸ್ಸಿಳಿದು ಬೇಗ ಬೇಗ ಹೆಜ್ಜೆ ಹಾಕುತ್ತಿದ್ದೆ. ತವರಿನಲ್ಲಿ ಯಾರೂ ನನ್ನ ಜೊತೆ ಅಷ್ಟು ಹೊತ್ತು ಕೂತು ನಾನು ಓದಿದ್ದನ್ನು ಕೇಳಿದವರಿಲ್ಲ. ಗೆಲ್ಲದವರ ಪಕ್ಷ ಹಿಡಿದೂ ಬದುಕಬಹುದು ಅನ್ನುವುದನ್ನು ನಾನು ಯಾವ ಪುಸ್ತಕದಿಂದಲೂ ಕಲಿಯಲಿಲ್ಲ, ಆ ಕುರ್ಚಿಯ ಪಕ್ಕದಲ್ಲಿ ಕೂತು ಕಲಿತೆ.

ಕಳೆದ ಮಳೆಗಾಲದ ಶುರುವಿನಲ್ಲಿ ಅವರು ಮಲಗಿದರು. ಜ್ವರ ಅಂತ ಶುರುವಾದದ್ದು ಎದೆಗೆ ಇಳಿಯಿತು. ನಮ್ಮೋರು ಅಷ್ಟರಲ್ಲಿ ಮತ್ತೆ ಮೇಲಕ್ಕೆ ಹತ್ತಿದ್ದರು. ಆದರೆ ಅಲ್ಲಿಯ ಲೀಗುಗಳಿಗೆ ಆಗ ರಜೆ.

"ಈ ಸಲ ಯಾರು ಗೆಲ್ತಾರಂತೆ?" ಕಣ್ಣು ಮುಚ್ಚಿಕೊಂಡೇ ಕೇಳಿದರು.

"ಇನ್ಯಾರು, ಅವರೇ."

"ನಮ್ಮೋರು?"

"ಇಳೀತಾರೆ ಅಂತಾನೇ ಎಲ್ಲ ಬರ್ದಿದಾರೆ ಮಾವ."

"ಹೂಂ. ಶುರುವಾದಾಗ ಎಬ್ಬಿಸಮ್ಮ."

ಶುರುವಾಗುವ ತನಕ ಅವರು ಇರಲಿಲ್ಲ. ದಾರಿ ಬದಲಿಸುತ್ತಿದ್ದವರೆಲ್ಲ ಬಂದು ಹೆಗಲು ಕೊಟ್ಟರು. ಡೇರಿಯವನು ಮನೆಯೊಳಗೆ ಬರದೆ ಚಪ್ಪರದ ಹೊರಗೇ ನಿಂತಿದ್ದ.

ವೈಕುಂಠ ಸಮಾರಾಧನೆ ಮುಗಿದು, ನೆಂಟರೆಲ್ಲ ಹೋಗಿ, ಆಗಸ್ಟಿನ ಒಂದು ಶನಿವಾರ ಸಂಜೆ ನಾನು ಟೀವಿ ಹಾಕಿ ಒಬ್ಬಳೇ ಕೂತಿದ್ದೆ. ನಮ್ಮೋರ ಮೊದಲ ಆಟ, ಅದೂ ದೊಡ್ಡವರ ಮೇಲೆ. ಅತ್ತೆ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ಬಂದರು. ಟೀವಿ ಆರಿಸು ಅನ್ನುತ್ತಾರೆ ಅಂದುಕೊಂಡೆ. ಅವರು ಮಾವನ ಕುರ್ಚಿಯಲ್ಲಿ ಕೂತರು.

"ನಮ್ಮೋರು ಯಾವ ಬಣ್ಣ?"

ತೋರಿಸಿದೆ. ಆಗಲೇ ಎರಡು ಗೋಲು ಬಿದ್ದಿತ್ತು. "ಸೋಲ್ತಾ ಇದಾರೆ ಅತ್ತೆ," ಅಂದೆ.

"ಅದು ಬಿಡೇ, ನಂಗೊತ್ತು. ಆಡ್ತಾ ಇದಾರಾ?"

ನಾನು ಕಣ್ಣೊರೆಸಿಕೊಂಡು ನೋಡಿದೆ.

"ಆಡ್ತಾ ಇದಾರೆ ಅತ್ತೆ."