ಮಧ್ಯಾಹ್ನ ತಂದ ನೀರು

ನಾನು ಚಿಕ್ಕವನಿದ್ದಾಗ ನಮ್ಮ ಮನೆಯಲ್ಲಿ ಈಸ್ಟರ್ ಹಬ್ಬಕ್ಕಿಂತ ಅದರ ಹಿಂದಿನ ಉಪವಾಸದ ದಿನಗಳದ್ದೇ ಗದ್ದಲ ಹೆಚ್ಚು. ಆ ದಿನಗಳು ಶುರುವಾಗುವ ಸಂಜೆ ಎಲ್ಲರೂ ದೀಪದ ಮುಂದೆ ಕೂತು, ಏನನ್ನು ಬಿಡುತ್ತೇವೆ, ಯಾರಿಗೆ ಯಾವ ಸೇವೆ ಮಾಡುತ್ತೇವೆ ಎಂದು ದೇವರಿಗೆ ಮಾತು ಕೊಡಬೇಕಿತ್ತು. ನಾನು ಶೇಂಗಾ ಉಂಡೆ ಬಿಟ್ಟೆ. ಹೇಗೂ ಡಬ್ಬಿ ಖಾಲಿಯಾಗಿತ್ತು. ಅಕ್ಕ ಮಾತ್ರ ದೊಡ್ಡ ಮಾತನ್ನೇ ಕೊಟ್ಟಳು: ಹಬ್ಬದ ತನಕ ಒಂದು ದಿನವೂ ತಪ್ಪದೆ ಪಕ್ಕದ ಮನೆಯ ಆಯಿಗೆ ಕುಡಿಯುವ ನೀರು ತರುವುದು.

ಆಯಿ ಎಂದರೆ ನಮ್ಮ ಕಡೆ ಅಜ್ಜಿ. ಈ ಆಯಿ ನಮ್ಮ ಬಳಗದವರಲ್ಲ, ನಮ್ಮ ಚರ್ಚಿನವರೂ ಅಲ್ಲ. ಹಣೆ ತುಂಬ ವಿಭೂತಿ, ಬಾಯಿ ತುಂಬ ಸವಣೂರಿನ ವೀಳ್ಯದೆಲೆ. ಸಿಹಿನೀರಿನ ಬಾವಿ ಊರ ಹೊರಗಿತ್ತು, ಮೊಣಕಾಲು ನೋವಿನಿಂದ ಅಷ್ಟು ದೂರ ನಡೆಯಲು ಅವರಿಗೆ ಆಗುತ್ತಿರಲಿಲ್ಲ. ‘ಆ ಚರ್ಚಿನವರ ಕೈಯ ನೀರು ಕುಡೀತೀಯೇನು’ ಎಂದು ಕೇಳಿದವರಿಗೆ ಆಯಿ ಕೊಟ್ಟ ಉತ್ತರ ಮಕ್ಕಳಿಗೆ ಹೇಳುವಂಥದ್ದಲ್ಲ.

ಅಕ್ಕನಿಗೆ ಎಲ್ಲವೂ ಕುಂದಿಲ್ಲದಂತೆ ಆಗಬೇಕು. ರೊಟ್ಟಿಯ ಅಂಚು ಸ್ವಲ್ಪ ಹರಿದರೂ ಹಿಟ್ಟನ್ನು ಮುದ್ದೆ ಮಾಡಿ ಮತ್ತೆ ಬಡಿಯುತ್ತಿದ್ದಳು. ನಸುಕಿನಲ್ಲಿ ನವಿಲು ಕೂಗುವ ಹೊತ್ತಿಗೆ ಎದ್ದು, ಕೊಡವನ್ನು ಹುಣಸೆಹಣ್ಣಿನಿಂದ ತಿಕ್ಕಿ ಬೆಳಗಿಕೊಂಡೇ ಬಾವಿಗೆ ಹೋಗುತ್ತಿದ್ದಳು.

ಒಂದು ದಿನ ಬಂಕಾಪುರದ ಸಂತೆಗೆ ಹೋಗಿ ಹಸಿರು ಬಳೆ ಇಡಿಸಿಕೊಳ್ಳುವ ಸಡಗರದಲ್ಲಿ ಅವಳು ನೀರಿನ ಮಾತನ್ನೇ ಮರೆತು ಅವ್ವನ ಜೊತೆ ಬಂಡಿ ಹತ್ತಿಬಿಟ್ಟಳು. ಮಧ್ಯಾಹ್ನ ಅವರಿಬ್ಬರೂ ಬಂಡಿ ಇಳಿದಾಗ ಆಯಿ ಖಾಲಿ ತಂಬಿಗೆ ಹಿಡಿದು ತಮ್ಮ ಹೊಸ್ತಿಲ ಮೇಲೆ ಕೂತಿದ್ದರು. ಆಗಲೇ ಅಕ್ಕನಿಗೆ ನೀರಿನ ನೆನಪಾಯಿತು. ಒಳಗೆ ಓಡಿ ಬಂದವಳೇ ಜೋಳದ ಚೀಲದ ಹಿಂದೆ ಕೂತು ಅಳತೊಡಗಿದಳು. ನಾನೂ ಅಪ್ಪನೂ ಹೊಲದಿಂದ ಆಗಷ್ಟೇ ಉಣ್ಣಲು ಬಂದಿದ್ದೆವು.

“ನಾ ಮಾತು ಮುರದೆ ಅಪ್ಪಾ. ಇನ್ನ ಈ ವರ್ಷ ಬ್ಯಾಡ. ಮುಂದಿನ ವರ್ಷ ಮೊದಲಿಂದ ಚಲೋತ್ನಂಗ ಮಾಡ್ತೇನಿ,” ಎಂದಳು.

ಅಪ್ಪ ಬೈಯಲಿಲ್ಲ. ಕೊಡ ತಂದು ಅವಳ ಮುಂದಿಟ್ಟ.

“ಮುಂದಿನ ವರ್ಷದ ತನಕ ಆಯಿ ನೀರ ಕುಡೀಲಾರದ ಇರ್ತಾಳೇನವ್ವಾ? ಒಂದೂ ತಪ್ಪಬಾರದು ಅಂತ ದೇವರು ಕೇಳ್ಯಾನೇನು? ನಡುವ ಬಿಟ್ಟು ಹೋಗಬ್ಯಾಡ ಅಂತಾನ, ಅಷ್ಟ. ಏಳು.”

ಅಕ್ಕ ಕಣ್ಣೊರೆಸಿಕೊಂಡು ಎದ್ದಳು. ಕೊಡ ಬೆಳಗಲಿಲ್ಲ. ನಾನೂ ಹಿಂದೆಯೇ ಓಡಿದೆ. ಸುಡುವ ಧೂಳಿನಲ್ಲಿ ಕಾಲಿಡಲಾಗುತ್ತಿರಲಿಲ್ಲ, ಬಾವಿಯ ಹಗ್ಗವೂ ಬಿಸಿಯಾಗಿತ್ತು. ನೀರು ಸೇದುವಾಗ ಒಂದು ಹೊಸ ಬಳೆ ಕಲ್ಲಿಗೆ ತಾಗಿ ಒಡೆಯಿತು. ಅವಳು ಅದರ ಕಡೆ ನೋಡಲೂ ಇಲ್ಲ, ತುಟಿ ಬಿಗಿಹಿಡಿದು ಹಗ್ಗ ಎಳೆದಳು.

“ಈಗ ನೆನಪಾತೇನ ನಿನಗ? ಗಂಟಲ ಒಣಗಿ ಕಟ್ಟಿಗಿ ಆಗೇತಿ!” ಎಂದರು ಆಯಿ, ನಾವು ಕೊಡ ತಂದು ಅವರ ಹೊಸ್ತಿಲಲ್ಲಿ ಇಳಿಸಿದಾಗ.

“ತಪ್ಪಾತ್ರಿ ಆಯಿ. ಸಂತಿ ಗದ್ಲದಾಗ ಮರತೆ.”

ಅಕ್ಕ ತಂಬಿಗೆ ತುಂಬಿದಳು. ಆಯಿ ಅದನ್ನು ಎತ್ತಿ ಗಟಗಟನೆ ಕುಡಿದು ಬಾಯಿ ಒರೆಸಿಕೊಂಡರು. “ಅದೆಲ್ಲಾ ಇರ್ಲಿ. ನಾಳೆ ಬರ್ತೀಯೋ ಇಲ್ಲೋ?”

“ಬರ್ತೇನ್ರಿ.”

ಹೋದಳು. ಹಬ್ಬ ಮುಗಿದ ಮೇಲೂ ಹೋದಳು. ನಡುವೆ ಜ್ವರ ಬಂದು ತಪ್ಪಿತು, ಇನ್ನೊಮ್ಮೆ ಕೊಡ ಸೋರಿ ಅರ್ಧ ನೀರೇ ಮನೆ ಮುಟ್ಟಿತು. ಆಯಿ ಪ್ರತಿ ಸಲ ಬೈದರು, ಅಕ್ಕ ಪ್ರತಿ ಸಲ ಮರುದಿನ ಹೋದಳು. ಅವಳನ್ನು ನೆನೆದರೆ ನನಗೆ ಈಗಲೂ ಹೆಮ್ಮೆಯಾಗುತ್ತದೆ.

ಮೊಮ್ಮಕ್ಕಳೇ, ನಿಮ್ಮ ಕಾಲದಲ್ಲಿ ನೀರು ನಲ್ಲಿಗೇ ಬರುತ್ತದೆ, ದೇವರ ವಾಕ್ಯ ಫೋನಿಗೇ ಬರುತ್ತದೆ. ನನ್ನ ಕಣ್ಣಿಗೆ ಪೊರೆ ಬಂದಿದೆ, ದಿನಾ ಒಂದು ಅಧ್ಯಾಯ ಓದಿ ಹೇಳುತ್ತೇವೆ ಎಂದು ನೀವೇ ಮಾತು ಕೊಟ್ಟಿರಿ. ಓದಿದ ದಿನಗಳನ್ನು ನಿಮ್ಮ ಫೋನು ಎಣಿಸಿಡುತ್ತದಂತೆ, ಒಂದು ದಿನ ತಪ್ಪಿದರೆ ಎಲ್ಲವನ್ನೂ ಸೊನ್ನೆಗೆ ಇಳಿಸುತ್ತದಂತೆ. ಮೊನ್ನೆ ಕ್ರಿಕೆಟ್ ನೋಡುತ್ತ ಮರೆತಿರಿ. ನಿನ್ನೆ ಆ ಸೊನ್ನೆ ಕಂಡು ಮುಖ ಊದಿಸಿಕೊಂಡು, ಇನ್ನು ಹೊಸ ವರ್ಷದಿಂದಲೇ ಶುರು ಎಂದು ಫೋನು ಮುಚ್ಚಿಟ್ಟಿರಿ. ಇವತ್ತು ನಾನು ಒಂದು ಮಾತು ಅನ್ನುತ್ತೇನೆ. ಸೊನ್ನೆ ಬಿದ್ದದ್ದು ಫೋನಿನಲ್ಲಿ, ಕೇಳುವುದಕ್ಕೆ ಕಾದು ಕೂತವನು ನಾನು. ಬನ್ನಿ, ಬಿಟ್ಟಲ್ಲಿಂದ ಓದಿ. ನನಗೆ ಇವತ್ತಿನದು ಇವತ್ತೇ ಬೇಕು.