ಅವರು ನಿಮಗೆ ಏನಾಗಬೇಕು?

ಪರದೆಯಕ್ಕ ಎಂದರೆ ಆ ಬೀದಿಯಲ್ಲಿ ಗೊತ್ತಿಲ್ಲದವರಿಲ್ಲ. ಕಿಟಕಿಗಳಿಗೆ ಪರದೆ ಹೊಲಿಯುವುದೇ ಅವಳ ಕಸುಬು. ಬಟ್ಟೆಯನ್ನು ಎರಡು ಬೆರಳಲ್ಲಿ ಹಿಡಿದು ನೆರಿಗೆ ಕೂರಿಸಿದಳೆಂದರೆ, ಆಮೇಲೆ ಎಷ್ಟು ಒಗೆದರೂ ಆ ನೆರಿಗೆ ಜಪ್ಪಯ್ಯ ಅಂದರೂ ಬಿಚ್ಚುತ್ತಿರಲಿಲ್ಲ. ಗಂಡನಿಂದ ಬೇರೆಯಾದ ಮೇಲೆ ಎರಡು ಕೋಣೆಯ ಮನೆ ಹಿಡಿದು, ಮುಂದಿನದರಲ್ಲಿ ಹೊಲಿಗೆ ಮಿಷನ್ನು, ಹಿಂದಿನದರಲ್ಲಿ ಸಂಸಾರ ಅಂತ ಮಾಡಿಕೊಂಡಿದ್ದಳು. ಹೊಲಿಗೆಯ ದುಡ್ಡು ಹೊಟ್ಟೆಗೆ, ಕೋರ್ಟು ಕೊಡಿಸಿದ ಜೀವನಾಂಶ ಬಾಡಿಗೆಗೆ. ಯಾರ ಹಂಗೂ ಇಲ್ಲ. ಬೆಳಿಗ್ಗೆ ಬಾಗಿಲು ತೆಗೆಯುವಾಗ, ಈ ಬಾಗಿಲು ನನ್ನದು ಅಂದುಕೊಂಡೇ ತೆಗೆಯುತ್ತಿದ್ದಳು.

ಗಂಡನಾಗಿದ್ದವನು ಪೆಟ್ರೋಲ್ ಬಂಕಿನ ಮ್ಯಾನೇಜರು. ವಿಚ್ಛೇದನದ ಕಾಗದದ ಮಸಿ ಆರುವ ಮೊದಲೇ ಇನ್ನೊಂದು ಮದುವೆ ಮಾಡಿಕೊಂಡ. ಅದರ ಬಗ್ಗೆ ಯಾರೂ ಏನೂ ಕೇಳಲಿಲ್ಲ.

ಪರದೆ ಹೊಲಿದರೆ ಸಾಕೇ? ಗೋಡೆ ಕೊರೆದು ಕಡ್ಡಿ ಕೂರಿಸುವವರು ಬೇಕಲ್ಲ. ಹಾಗೆ ಬಂದವನು ಡ್ರಿಲ್ಲಣ್ಣ. ಹೆಂಡತಿ ತೀರಿಕೊಂಡಿದ್ದಳು, ಮಕ್ಕಳಿರಲಿಲ್ಲ, ಮಾತು ಮೆತ್ತಗೆ. ಭಾರ ಹೊತ್ತು ತಿರುಗುವುದು ಕಷ್ಟವೆಂದು ಮೊದಲು ಅವನ ಡ್ರಿಲ್ ಮಿಷನ್ನು ಅವಳ ಮನೆಯಲ್ಲಿ ಉಳಿಯಿತು. ಆಮೇಲೆ ಏಣಿ ಉಳಿಯಿತು. ಆಮೇಲೆ ಅವನೇ ಉಳಿದ.

ಮಹಡಿಯ ಮೇಲಿದ್ದ ಮನೆ ಮಾಲೀಕರಮ್ಮ ಮೆಟ್ಟಿಲಿಳಿಯುತ್ತಾ ಕಾಲೆಳೆದರು. "ಏನಮ್ಮಾ, ಏಣಿಗೂ ಬಾಡಿಗೆ ಕೇಳ್ಲಾ?"

"ಏಣಿ ಏನ್ ತಿನ್ನುತ್ತೆ ಬಿಡಿ ಅಕ್ಕಾ, ಮೂಲೇಲಿ ಒರಗಿಕೊಂಡಿರುತ್ತೆ."

"ಏಣಿ ಒರಗಲಿ, ನಾನು ಒರಗಿದವರ ವಿಷಯ ಹೇಳ್ತಿರೋದು!" ಇಬ್ಬರೂ ನಕ್ಕರು.

ಆ ನಗು ಮುಗಿದ ಮೇಲೆಯೇ ಅವಳು ಗಮನಿಸಿದ್ದು. ಎದುರಿನ ಪಾದಚಾರಿ ದಾರಿಗೆ ತಾಗಿ ಒಂದು ಬೂದು ಕಾರು ನಿಂತಿತ್ತು. ಒಳಗೆ ಯಾರೋ ಕೂತಿದ್ದರು, ಇಳಿಯಲಿಲ್ಲ. ಮರುದಿನವೂ ಇತ್ತು. ಡ್ರಿಲ್ಲಣ್ಣ ಏಣಿ ಹೊತ್ತು ಹೊರಟಾಗ ಅದರ ಗಾಜು ಸ್ವಲ್ಪ ಇಳಿದು ಮತ್ತೆ ಏರಿತು.

ಆ ವಾರವೇ ಒಬ್ಬ ಹೆಂಗಸಿನ ಫೋನು ಬಂತು. ಹೊಸ ಮನೆಯಂತೆ, ಎಲ್ಲಾ ಕಿಟಕಿಗಳಿಗೂ ಪರದೆ ಬೇಕಂತೆ.

"ಅಳತೆ ತಗೊಳ್ಳೋಕೆ ಯಾರು ಬರ್ತಾರೆ? ಹಗಲು ಮನೇಲಿ ನಾನೊಬ್ಳೇ ಇರೋದು, ಅದಕ್ಕೆ ಕೇಳ್ದೆ."

"ಹೆದರ್ಕೋಬೇಡಿ ಮೇಡಂ, ನಮ್ಮನೆಯವರೇ ಬರ್ತಾರೆ."

"ಓ, ಯಜಮಾನ್ರಾ? ಜೊತೇಲೇ ಇದ್ದೀರಾ ಹಾಗಾದ್ರೆ?"

"ಹ್ಞೂಂ ಮೇಡಂ. ಮನೆ, ಕೆಲಸ, ಎಲ್ಲಾ ಒಟ್ಟಿಗೇನೇ."

ಅವಳು ಯೋಚಿಸಿ ಆಡಿದ ಮಾತಲ್ಲ ಅದು. ಒಂಟಿ ಹೆಂಗಸಿನ ಮನೆಗೆ ಗಂಡಸನ್ನು ಕಳಿಸುವಾಗ ಯಾರೆಂದು ಹೇಳಿ ಕಳಿಸಬೇಕು? ಗೆಳೆಯ ಅಂದರೆ ಕೇಳಿದವರು ಕಿಸಕ್ಕನೆ ನಕ್ಕಾರು. ಕೆಲಸದವನು ಅಂದರೆ ಸುಳ್ಳು. ಜೊತೆಗಿರುವವನು ಅನ್ನುವುದು ಬಾಯಲ್ಲಿ ಕೂರದ ಮಾತು. ಹೆಸರು ಹಿಡಿದು ಕರೆಯಲು ನಾಚುವ ಹೆಂಗಸರೆಲ್ಲ ಆಡುವ ಆ ಒಂದು ಮಾತೇ ನಾಲಿಗೆಗೆ ಬಂತು.

ಡ್ರಿಲ್ಲಣ್ಣ ಸಂಜೆ ಬೆವರಿಳಿಸಿಕೊಂಡು ವಾಪಸು ಬಂದ. "ಅಡ್ರೆಸ್ಸು ಸರಿಯಾಗಿ ಕೇಳಿಸ್ಕೊಂಡ್ರಾ ನೀವು? ಅದು ಮನೆ ಅಲ್ಲ, ಗೋದಾಮು. ಒಂದು ಕಿಟಕೀನೂ ಇಲ್ಲ."

ಫೋನು ಮಾಡಿದರೆ ಆ ನಂಬರು ಸ್ವಿಚ್ ಆಫ್ ಆಗಿತ್ತು. ಎದುರಿಗಿದ್ದ ಬೂದು ಕಾರೂ ಆ ದಿನದಿಂದ ಕಾಣಲಿಲ್ಲ. ಕಾರು ಇದ್ದಾಗಿನದಕ್ಕಿಂತ ಅದು ಹೋದದ್ದೇ ಅವಳನ್ನು ಹೆಚ್ಚು ಕಾಡಿತು.

ಹಳೆಯ ಗಂಡ ಹಾಕಿದ ಅರ್ಜಿಯ ಮೇಲೆ ಕೋರ್ಟಿನಿಂದ ನೋಟಿಸು ಬಂತು. ಅವಳ ಪರ ವಕೀಲಮ್ಮ ಓದಿ ಕನ್ನಡಕ ತೆಗೆದಿಟ್ಟರು. "ಇನ್ನೊಬ್ಬರ ಜೊತೆ ಹೆಂಡತಿ ಹಾಗೆ ಬಾಳ್ತಿದ್ರೆ ಜೀವನಾಂಶ ನಿಲ್ಲಿಸಬಹುದು ಅಂತ ಅವತ್ತಿನ ತೀರ್ಪಿನಲ್ಲೇ ಇದೆ. ಆ ಪರದೆ ಕೇಳಿದ ಹೆಂಗಸಿನ ಜೊತೆ ನೀವಾಡಿದ ಮಾತು ರೆಕಾರ್ಡಾಗಿ ಅವರ ಹತ್ರ ಇದೆ."

"ಅವನು ಮದುವೇನೇ ಆದ್ನಲ್ಲ ತಾಯಿ!"

"ಅವನು ಕೊಡೋನು, ನೀವು ತಗೊಳ್ಳೋರು. ಕೇಳೋದು ತಗೊಳ್ಳೋರನ್ನೇ. ಈಗ ನಾನು ಹೇಳೋದು ಕೇಳಿ. ಮನೆಯವರು ಅಂದಿದ್ದು ಮನೇಲಿರೋರು ಅನ್ನೋ ಅರ್ಥದಲ್ಲಿ, ಅವನು ಕೆಲಸದವನು, ಮೂಲೇಲಿ ಮಲಗ್ತಾನೆ, ಅಷ್ಟೇ ಅನ್ನಿ. ಆಮೇಲೆ ಬಾಯಿ ಮುಚ್ಕೊಂಡಿರಿ."

ಮನೆಗೆ ಬಂದು ಡ್ರಿಲ್ಲಣ್ಣನಿಗೆ ಹೇಳಿದಳು. "ಹಾಗೇ ಅನ್ನಿ," ಎಂದ ಅವನು. "ಬಾಯಿ ಮಾತು ತಾನೇ?" ಆದರೆ ಬಾಯಿಗೆ ಎತ್ತಿದ ತುತ್ತು ತಟ್ಟೆಗೆ ಇಳಿಯಿತು.

ಕೋರ್ಟಿನ ಕೋಣೆಯಲ್ಲಿ ಫ್ಯಾನು ಕಿರುಗುಟ್ಟುತ್ತಿತ್ತು. ಅವಳದೇ ದನಿ ಸಣ್ಣ ಪೆಟ್ಟಿಗೆಯಿಂದ ಹೊರಗೆ ಬಂತು: ನಮ್ಮನೆಯವರೇ ಬರ್ತಾರೆ. ತನ್ನ ದನಿಯಲ್ಲಿ ಅಷ್ಟು ಹಿಗ್ಗು ಇತ್ತೇ ಎಂದು ಅವಳಿಗೇ ನಾಚಿಕೆಯಾಯಿತು. ಎದುರು ಪಕ್ಷದ ವಕೀಲ ಹಿಂದಿನ ಬೆಂಚಿಗೆ ಕೈ ತೋರಿಸಿದ. ಡ್ರಿಲ್ಲಣ್ಣ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಮೊಣಕಾಲಿನ ಮೇಲೆ ಕೈಯಿಟ್ಟು ಕೂತಿದ್ದ.

"ಅವರು ನಿಮಗೆ ಏನಾಗಬೇಕಮ್ಮಾ?"

ಕೆಲಸದವನು. ಆರಕ್ಷರ. ಅವಳು ಬಾಯಿ ತೆರೆದಳು. ಅವನ ಮುಖ ನೋಡಿದಳು. ಇಷ್ಟು ದಿನ ಬನ್ನಿ, ಕೂತ್ಕೊಳ್ಳಿ ಅಂದ ಮನುಷ್ಯನನ್ನು ತುಂಬಿದ ಕೋಣೆಯಲ್ಲಿ ಅವನು, ಇವನು ಅನ್ನಲು ನಾಲಿಗೆ ಹೊರಳಲೇ ಇಲ್ಲ.

"ನಮ್ಮನೆಯವರೇ ಸ್ವಾಮಿ," ಎಂದಳು.

ವಕೀಲಮ್ಮ ಫೈಲು ಮುಚ್ಚಿದರು. ಜೀವನಾಂಶ ನಿಂತಿತು.

ವರಾಂಡದಲ್ಲಿ ಹಳೆಯ ಗಂಡ ಡ್ರಿಲ್ಲಣ್ಣನ ಬೆನ್ನು ತಟ್ಟಿದ. "ನನ್ನ ಹೊರೆ ನಿನ್ನ ತಲೆಗೆ ಬಂತು ಕಣಪ್ಪಾ. ಹುಷಾರು, ಕುತ್ತಿಗೆ ಉಳುಕೀತು!"

ಡ್ರಿಲ್ಲಣ್ಣ ನಕ್ಕ. ಮುಖ ತಪ್ಪಿಸಿಕೊಳ್ಳಲು ನಕ್ಕದ್ದಲ್ಲ, ಬಾಯ್ತುಂಬಾ ನಕ್ಕ. ಪರದೆಯಕ್ಕ ಇಬ್ಬರನ್ನೂ ಒಮ್ಮೆ ನೋಡಿ ಮೆಟ್ಟಿಲ ಕಡೆ ನಡೆದಳು.

ಮೊದಮೊದಲು ಅವನ ಸಂಭ್ರಮ ನೋಡಬೇಕಿತ್ತು. ಕೋರ್ಟಿನಲ್ಲಿ ಎಲ್ಲರೆದುರು ನನ್ನವರು ಅಂದುಬಿಟ್ಟಳು ಎಂದು ಸಿಕ್ಕಿದವರಿಗೆಲ್ಲ ಹೇಳಿಕೊಂಡು ತಿರುಗಿದ. ಬಾಡಿಗೆಯನ್ನು ಅವನೇ ಮಹಡಿಗೆ ಹೋಗಿ ಕೊಟ್ಟು ಬಂದ. ಅದಾದ ಮೇಲೆ ಮಾಲೀಕರಮ್ಮ ನಲ್ಲಿ ಸೋರಿದರೂ ಅವನನ್ನೇ ಕೂಗುತ್ತಿದ್ದರು. ಅವಳೇ ಕೇಳಿದರೆ, "ನಿಮ್ಮವರಿಗೆ ಹೇಳಿದ್ದೀನಲ್ಲಮ್ಮಾ" ಎಂದು ಬಾಗಿಲು ಮುಂದಕ್ಕೆ ಹಾಕಿಕೊಂಡರು.

ಒಂದು ಬೆಳಿಗ್ಗೆ ಅವಳ ಫೋನು ಅವನ ಜೇಬಿನಲ್ಲಿತ್ತು.

"ಆರ್ಡರು ಇನ್ಮೇಲೆ ನಾನೇ ಮಾತಾಡ್ತೀನಿ. ಇದರಿಂದಲೇ ಅಲ್ವಾ ಇಷ್ಟೆಲ್ಲಾ ಆಗಿದ್ದು? ಯಾರಿಗೆ ಏನು ಹೇಳ್ಬೇಕು ಅಂತ ನಿಂಗೆ ಗೊತ್ತಾಗಲ್ಲ."

ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ದನಿ ಮೆತ್ತಗೇ ಇತ್ತು. ಆ 'ನಿಂಗೆ' ಮಾತ್ರ ಅವಳ ಕಿವಿಯಲ್ಲಿ ನಿಂತಿತು. ಹತ್ತಿರವಾದವರು ಹಾಗೆ ಅನ್ನುವುದುಂಟು ಎಂದು ಸಮಾಧಾನ ಮಾಡಿಕೊಂಡು ದಾರ ಪೋಣಿಸಲು ಹೋದಳು. ಸೂಜಿಯ ಕಣ್ಣು ಸಿಗಲೇ ಇಲ್ಲ.

ಆಮೇಲೊಂದು ದಿನ ದೊಡ್ಡ ಕಚೇರಿಯೊಂದರ ಕೆಲಸ ಬಂತು. ಅಳತೆಗೆ ಅವಳೇ ಬರಬೇಕೆಂದಿದ್ದರು. ಟೇಪನ್ನು ಕುತ್ತಿಗೆಗೆ ಹಾಕಿಕೊಂಡು ಚಪ್ಪಲಿ ಮೆಟ್ಟಿದಳು. ಡ್ರಿಲ್ಲಣ್ಣ ಬಾಗಿಲಿನ ಚೌಕಟ್ಟಿಗೆ ಒರಗಿ ನಿಂತಿದ್ದ. ಸರಿಯಲಿಲ್ಲ.

"ಎಲ್ಲಿಗೆ ಹೊರಟೆ?"

"ಅದೇ, ಕಚೇರಿ ಪರದೆ. ನೀವೇ ಒಪ್ಪಿಕೊಂಡಿದ್ರಲ್ಲ."

"ಅಲ್ಲಿ ಯಾರ್ಯಾರಿರ್ತಾರೆ?"

ಅವಳು ಮೊದಲ ದಿನ ಬಟ್ಟೆಯ ಮಾದರಿ ತೋರಿಸಲು ಅಲ್ಲಿಗೆ ಹೋಗಿ ಬಂದಿದ್ದಳು. ಉದ್ದಕ್ಕೆ ಮೇಜುಗಳು, ಮೇಜಿಗೊಬ್ಬೊಬ್ಬ ಗಂಡಸು. ಬೀದಿಯಲ್ಲಿ ಬಸ್ಸು ಹಾರನ್ ಹೊಡೆಯಿತು. ಅವನು ಕಾಯುತ್ತಿದ್ದ, ಅವಸರವಿಲ್ಲದೆ, ಬಾಡಿಗೆ ಕೊಟ್ಟವನ ಸಮಾಧಾನದಲ್ಲಿ.

"ಎಲ್ಲಾ ಹೆಂಗಸರೇ," ಎಂದಳು ಪರದೆಯಕ್ಕ.

ಅವನು ಬಾಗಿಲು ಬಿಟ್ಟ.